ಮೇಷ್ಟ್ರ ಕೋಣೆಗೆ ಬಾಗಿಲು ಕೊರೆದದ್ದು

ಲೆಕ್ಕದ ಮೇಷ್ಟ್ರಿಗೆ ಮದುವೆಯಾದಂದಿನಿಂದ ಒಂದೇ ಆಸೆ: ತಮ್ಮದೇ ಆದ ಒಂದು ಕೋಣೆ. ಬಾಡಿಗೆ ಮನೆಯಲ್ಲಿ ಒಂದು ಕಿವಿಗೆ ಹೆಂಡತಿಯ ಹೊಲಿಗೆ ಮಿಷನ್ನು, ಇನ್ನೊಂದು ಕಿವಿಗೆ ಅತ್ತೆಯ ಫೋನ್ ಮಾತು. ನಡುವೆ ಕೂತು ಉತ್ತರಪತ್ರಿಕೆ ತಿದ್ದಿದರೆ ದಡ್ಡರೆಲ್ಲ ಪಾಸಾಗಿ, ಜಾಣರು ಡುಮ್ಕಿ ಹೊಡೆಯುತ್ತಿದ್ದರು.

ಹಾಗಾಗಿ ಸ್ವಂತ ಮನೆಗೆ ಕೈಹಾಕಿದಾಗ, ಗೋಡೆಗಳನ್ನು ಯಂತ್ರವೇ ಮುದ್ರಿಸುವ ಹೊಸ ವಿಧಾನವನ್ನು ಆರಿಸಿಕೊಂಡರು. ಕೇಕಿನ ಮೇಲೆ ಕೆನೆ ಹಿಂಡಿದಂತೆ ಯಂತ್ರದ ಮೂತಿಯಿಂದ ಕಾಂಕ್ರೀಟು ಇಳಿಯುತ್ತದೆ, ಗೋಡೆ ಏಳುತ್ತದೆ. ನಕ್ಷೆಯನ್ನು ಮಾತ್ರ ಮನೆಮಂದಿಯೆಲ್ಲ ಸೇರಿ ಟ್ಯಾಬ್ಲೆಟ್ಟಿನಲ್ಲಿ ರಚಿಸಬೇಕು. ಬಾಯಲ್ಲಿ ಹೇಳಿದರೆ ಸಾಕು, ಅದೇ ಗೆರೆ ಎಳೆದುಕೊಳ್ಳುತ್ತದೆ.

"ಸಾಮೂಹಿಕ ಸೃಜನಶೀಲತೆ!" ಎಂದು ಮೇಷ್ಟ್ರು ಘೋಷಿಸಿದರು. (ಅದುವರೆಗೆ ಆ ಮನೆಯಲ್ಲಿ ಸಾಮೂಹಿಕವಾಗಿ ನಡೆದದ್ದು ಜಗಳ ಒಂದೇ.)

ನಕ್ಷೆ ಮೇಷ್ಟ್ರ ಕೋಣೆಯ ಬಾಗಿಲ ಹತ್ತಿರ ಬಂದಾಗ ಮಹಾಯುದ್ಧ ಶುರುವಾಯಿತು.

"ಹಾಲ್ ಕಡೆ ಬೇಡ ರೀ, ಅಲ್ಲಿ ನನ್ನ ಮಿಷನ್ನು ಇಡ್ಬೇಕು," ಎಂದಳು ಹೆಂಡತಿ.

"ಅಡುಗೆಮನೆ ಕಡೆ?"

"ಬಿಸಿ ಪಾತ್ರೆ ಹಿಡ್ಕೊಂಡಾಗ ಅಡ್ಡ ಬರೋದಕ್ಕಾ?"

"ಹಿತ್ತಿಲ ಕಡೆ ಇಟ್ರೆ ಕಳ್ಳರಿಗೆ ಅನುಕೂಲ," ಎಂದರು ಅತ್ತೆ.

ಮೇಷ್ಟ್ರು ಸಿಟ್ಟಿನಿಂದ ಏನೋ ಕಿರುಚಿ, ಕಣ್ಣುಮುಚ್ಚಿ ಒಪ್ಪಿಗೆಯ ಗುಂಡಿ ಒತ್ತಿ, ಎದ್ದು ನಡೆದರು.

ಗೋಡೆಗಳು ಎದ್ದ ಮೇಲೆ, ಚಾವಣಿ ಹಾಕುವ ಮೊದಲು, ಮೂವರೂ ನೋಡಲು ಬಂದರು. ಮೇಷ್ಟ್ರು ತಮ್ಮ ಕೋಣೆಯನ್ನು ಒಂದು ಸುತ್ತು ಹಾಕಿದರು. ಇನ್ನೊಂದು ಸುತ್ತು ಹಾಕಿದರು. ಗೋಡೆ, ಗೋಡೆ, ಗೋಡೆ, ಗೋಡೆ! ಏಣಿ ಹತ್ತಿ, ಹೊರಗಿನಿಂದ ಕಾಣದ ಬಾಗಿಲು ಒಳಗಿನಿಂದಾದರೂ ಕಂಡೀತೆಂಬ ಆಸೆಯಲ್ಲಿ ಒಳಕ್ಕೆ ಧುಮುಕಿದರು. (ಗಾಬರಿಯಲ್ಲಿ ಲೆಕ್ಕದ ಮೇಷ್ಟ್ರಿಗೂ ಲೆಕ್ಕ ತಪ್ಪುತ್ತದೆ.)

"ಬಾಗಿಲು ಎಲ್ರೀ?" ಎಂದು ಒಳಗಿನಿಂದ ಚೀರಿದರು.

"ನೀವೇ ಹೇಳಿದ್ರಲ್ಲ ಸಾರ್, 'ಆ ಹಾಳು ಬಾಗಿಲೇ ಬೇಡ, ಕಿತ್ತು ಬಿಸಾಕಿ' ಅಂತ," ಎಂದಳು ಹೊರಗೆ ನಿಂತಿದ್ದ ಇಂಜಿನಿಯರ್. "ಟ್ಯಾಬ್ಲೆಟ್ಟು ಕಿತ್ತು ಬಿಸಾಕ್ತು. ಒಪ್ಪಿಗೇನೂ ನೀವೇ ಒತ್ತಿದ್ರಿ."

ಮೇಷ್ಟ್ರ ಮಾತು ಆ ಮನೆಯಲ್ಲಿ ಅಕ್ಷರಶಃ ಪಾಲನೆಯಾದದ್ದು ಜೀವಮಾನದಲ್ಲಿ ಅದೊಂದೇ ಸಲ!

"ಈಗಲೂ ಕೊರೀಬಹುದು. ಎಲ್ಲಿ ಅಂತ ಮೂರೂ ಜನ ಒಪ್ಪಿ ಹೇಳಿ," ಎಂದಳು ಇಂಜಿನಿಯರ್.

"ಮೊದ್ಲು ಏಣಿ ಇಳಿಸ್ರೀ!"

"ಇಳಿಸಿದ್ರೆ ಮತ್ತೆ ಜಗಳ ಆಡಿ ಎದ್ದು ಹೋಗ್ತೀರಿ," ಹೆಂಡತಿ ಏಣಿಯನ್ನು ಅಪ್ಪಿ ಹಿಡಿದಳು. "ತೀರ್ಮಾನ ಆಗ್ಲಿ, ಆಮೇಲೆ ಏಣಿ."

ಚಾವಣಿಯಿಲ್ಲದ ಕೋಣೆ, ಮೇಷ್ಟ್ರ ಬೋಳುತಲೆಯ ಮೇಲೆ ಸುಡುಬಿಸಿಲು. ಹೊರಗೆ ಮಾತು ಗುಜುಗುಜು ನಡೆದೇ ಇತ್ತು. ಕೊನೆಗೆ ಅತ್ತೆಯ ದನಿ ಕೇಳಿತು:

"ನನ್ನ ರೂಮಿಗೇ ಕೊರೀಲಿ ಬಿಡಿ. ಅಳಿಯಂದ್ರು ನನ್ನನ್ನ ದಾಟ್ಕೊಂಡು ಓಡಾಡ್ತಾರೆ."

ಬೇರೆ ದಿನವಾಗಿದ್ದರೆ ಮೇಷ್ಟ್ರು ಸನ್ಯಾಸಕ್ಕೇ ಹೊರಡುತ್ತಿದ್ದರು. ಅಂದು ಮಾತ್ರ ಕೈಮುಗಿದು ಕೂಗಿದರು: "ಆಗ್ಲಿ ಅತ್ತೇ! ನೀವು ಹೇಳಿದ ಹಾಗೇ ಆಗ್ಲಿ!"

ಈಗ ಮನೆ ಸೊಗಸಾಗಿದೆ. ಮೇಷ್ಟ್ರ ಕೋಣೆಯಲ್ಲಿ ಸೂಜಿ ಬಿದ್ದರೂ ಕೇಳಿಸುವಷ್ಟು ನಿಶ್ಶಬ್ದ. ತೊಂದರೆಯೆಲ್ಲ ಮಧ್ಯಾಹ್ನದ ಮೇಲೆ. ಅತ್ತೆ ಚಿಲಕ ಹಾಕಿ ಮಲಗಿದರೆಂದರೆ ಅಳಿಯನಿಗೆ ಗೃಹಬಂಧನ. ನಿನ್ನೆ ಮೇಷ್ಟ್ರು ತಡೆಯಲಾರದೆ ಮೆಲ್ಲಗೆ ಬಾಗಿಲು ತಟ್ಟಿದರು.

"ಅತ್ತೇ, ಬಚ್ಚಲಿಗೆ ಹೋಗ್ಬೇಕಿತ್ತು..."

ಆ ಕಡೆಯಿಂದ ಖಡಕ್ಕಾಗಿ ಉತ್ತರ ಬಂತು: "ಈಗ ಆಗಲ್ಲ ಅಳಿಯಂದ್ರೇ, ನಾನು ಗಾಢ ನಿದ್ದೇಲಿದ್ದೀನಿ!"