ಅತ್ತೆಯ ಟ್ರ್ಯಾಕ್ಟರ್ ಮತ್ತು ಎಣ್ಣೆ ಡಬ್ಬದ ಎರಡನೇ ತೂತು

ಟ್ರ್ಯಾಕ್ಟರ್ ಸ್ಟಾರ್ಟ್ ಆಗದಿದ್ದರೆ ಲೋಕದ ಜನ ಮೆಕ್ಯಾನಿಕ್ಕನನ್ನು ಕರೆಯುತ್ತಾರೆ. ನನ್ನ ಸೋದರತ್ತೆ ಮೊದಲು ಮೆಕ್ಯಾನಿಕ್ಕನನ್ನು ಊರಾಚೆ ಅಟ್ಟುತ್ತಾಳೆ! ಆಮೇಲೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಡೀಸೆಲ್ ಮೂಸಿ, ಕಾಯಿಲೆ ಬಿದ್ದ ಹಸುವನ್ನು ವಿಚಾರಿಸುವಂತೆ "ಏನಾಯ್ತವ್ವ ನಿಂಗೆ?" ಎನ್ನುತ್ತಾಳೆ. ಅದು ಉತ್ತರ ಕೊಡುತ್ತದೆಯೇ ಎಂದು ಕೇಳುತ್ತೀರಾ? ಕೊಡುತ್ತದೆ ಕಣ್ರೀ. ನಮಗೆ ಕೇಳಿಸುವುದಿಲ್ಲ, ಅಷ್ಟೆ.

ಮಿರ್ಲೆಯ ಹತ್ತಿರ ಅವಳದು ಎರಡೂವರೆ ಎಕರೆ ನಾಲೆ ಗದ್ದೆ. ಮೂರು ವರ್ಷದ ಹಿಂದೆ ಮಾವ ತೀರಿಕೊಂಡಾಗ, ಅವನ ಟ್ರ್ಯಾಕ್ಟರನ್ನು ಯಾರಿಗೆ ಮಾರುವುದೆಂದು ಗಂಡಸರೆಲ್ಲ ಜಗಲಿಯ ಮೇಲೆ ಕುಳಿತು ಚರ್ಚಿಸುತ್ತಿದ್ದರಂತೆ. ಅಷ್ಟರಲ್ಲಿ ಇವಳು ಸೀರೆ ಎತ್ತಿ ಕಟ್ಟಿ, ಗಾಡಿ ಹತ್ತಿ, ಹಿಂದಕ್ಕೆ ತೆಗೆಯಲು ಹೋಗಿ ಬೇಲಿಯೊಂದನ್ನು ನೆಲಸಮ ಮಾಡಿ ಗದ್ದೆಗೆ ಹೊರಟೇಬಿಟ್ಟಳು. ಬೇಲಿ ಯಾರದ್ದು? ಚರ್ಚೆಯ ಅಧ್ಯಕ್ಷರದ್ದೇ, ಅಂದರೆ ಮಾವನ ಅಣ್ಣನದು! ಅಂದಿನಿಂದ ಪ್ರತಿ ಶುಕ್ರವಾರ ಆ ಗಾಡಿಗೆ ಸ್ನಾನ, ಕುಂಕುಮ, ಊದುಬತ್ತಿ. ನನ್ನ ಮದುವೆಯಲ್ಲಿ ನನಗೂ ಅಷ್ಟು ಉಪಚಾರ ನಡೆದಿರಲಿಲ್ಲ.

ನಾನು ಹುಣಸೂರಿನಲ್ಲಿ ವಿಜ್ಞಾನದ ಮೇಷ್ಟ್ರು. ಒಮ್ಮೆ ರಜೆಯಲ್ಲಿ ಹೋಗಿದ್ದಾಗ, "ನಾನೂ ಓಡಿಸ್ತೀನಿ ಅತ್ತೆ" ಎಂದು ಒಂದು ಸುತ್ತು ಹೊಡೆದು, ಡೀಸೆಲ್ ತಡೆದು ಎಂಜಿನ್ ನಿಲ್ಲಿಸುವ ಗುಬುಟನ್ನು ಎಳೆದು ಇಳಿದೆ. ಮತ್ತೆ ಹತ್ತಿದರೆ ಸ್ಟಾರ್ಟೇ ಆಗದು! ಅರ್ಧ ಗಂಟೆ ಕೀ ತಿರುಗಿಸಿದೆ. ಬ್ಯಾಟರಿಯ ಬಗ್ಗೆ ಒಂದು ಉಪನ್ಯಾಸವನ್ನೂ ಕೊಟ್ಟೆ. ಅತ್ತೆ ಪೂರ್ತಿ ಕೇಳಿಸಿಕೊಂಡು, ಎಳೆದಂತೆಯೇ ಉಳಿದಿದ್ದ ಗುಬುಟನ್ನು ಕುಡುಗೋಲಿನ ಹಿಡಿಯಿಂದ ಒಳಕ್ಕೆ ತಳ್ಳಿದಳು.

"ಬಾಯಿ ಕಟ್ಟಾಕಿ ಉಣ್ಣು ಉಣ್ಣು ಅಂದ್ರೆ ಎಂಗ್ಲಾ ಉಂಡಾದು? ಮಕ್ಳಿಗೆ ಏನ್ ಪಾಠ ಮಾಡ್ತೀಯೋ, ಆ ದೇವ್ರೇ ಕಾಯ್ಬೇಕು!"

ಹೋದ ನಾಟಿಯ ಹೊತ್ತಿಗೆ ನಾನು ಹೋಗಿದ್ದಾಗ ಮಾತ್ರ ತಮಾಷೆ ತಮಾಷೆಯಾಗಿ ಉಳಿಯಲಿಲ್ಲ. ಪೈರು ಕಿತ್ತು ಕಂತೆ ಕಟ್ಟಿ ಆಗಿತ್ತು. ನಾಲೆ ನೀರು ಗದ್ದೆಯಲ್ಲಿ ನಿಂತಿತ್ತು. ನಾಟಿಯ ಹೆಂಗಸರು ಬದುವಿನ ಮೇಲೆ ಕಾಯುತ್ತಿದ್ದರು. ಕೆಸರು ಹೊಡೆಯಲು ಇಳಿದ ಗಾಡಿ ಹತ್ತು ನಿಮಿಷ ಓಡಿ ಕೆಮ್ಮಿ ನಿಂತಿತು. ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದರೆ ಮತ್ತೆ ಹತ್ತು ನಿಮಿಷ, ಮತ್ತೆ ಕೆಮ್ಮು. ಮೂರನೆಯ ಸಲಕ್ಕೆ ಸ್ಟಾರ್ಟೇ ಆಗಲಿಲ್ಲ.

ಮಾವನ ಅಣ್ಣ, ಅದೇ ಬೇಲಿಯ ಯಜಮಾನರು, ಕೊಡೆ ಹಿಡಿದು ಬಂದರು. "ನೋಡವ್ವ, ಪಿರಿಯಾಪಟ್ಟಣದೋನೊಬ್ಬ ಸಂಜೀಕೆ ಗಾಡಿ ಕೊಳ್ಳಾಕೆ ಬತ್ತಾನೆ. ಎಂಗಸ್ರಿಗೆ ಯಾಕಿದೆಲ್ಲ?"

"ಇವತ್ತು ನಿಮ್ ತಮ್ಮನ ಗದ್ದೆ ಉತ್ತು ಮುಗೀಲಿಲ್ಲ ಅಂದ್ರೆ ಕೀ ನಾನೇ ತಂದುಕೊಡ್ತೀನಿ ಭಾವ. ಮುಗೀತು ಅಂದ್ರೆ, ಮಾರೋ ಮಾತು ಇನ್ನೊಂದ್ಸಲ ಆಡಬ್ಯಾಡಿ."

ನಾನು ಕೆ.ಆರ್. ನಗರದ ಮೆಕ್ಯಾನಿಕ್ಕನಿಗೆ ಕದ್ದು ಫೋನ್ ಮಾಡಿದೆ. ಪಂಪು ಬಿಚ್ಚಬೇಕು, ನಾಳಿದ್ದು ಬರುತ್ತೇನೆ ಎಂದ. ಅತ್ತೆ ಫೋನ್ ಕಿತ್ತುಕೊಂಡು, "ನಾಳಿದ್ದು ತಿಥಿಗೆ ಬತ್ತೀಯಾ? ಮಡಗು!" ಎಂದು ಕಟ್ ಮಾಡಿದಳು. ಆಮೇಲೆ ಬಾನೆಟ್ಟಿನ ಮೇಲೆ ಕೈ ಇಟ್ಟು ಡೀಸೆಲ್ ಮೂಸಿದಳು.

"ಲೇ ಮೇಷ್ಟ್ರೇ, ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದ್ರೆ ಎಣ್ಣೆ ಬತ್ತದಾ?"

"ಸ್ವಲ್ಪ ಬಂದು ನಿಂತ್ಹೋಗುತ್ತೆ. ಗಾಳಿ ಹೋಗೋಕೆ ಇನ್ನೊಂದು ತೂತು ಬೇಕು."

"ಮತ್ತೆ ಇದ್ಕೆ ಇನ್ನೊಂದು ತೂತು ಎಲ್ಲೈತೆ?"

ವಿಜ್ಞಾನದ ಮೇಷ್ಟ್ರು ಟ್ಯಾಂಕಿನ ಸುತ್ತ ತೂತು ಹುಡುಕತೊಡಗಿದ! ಅವಳು ಡೀಸೆಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ಉಸ್ಸ್ ಎಂದು ಗಾಳಿ ಒಳಕ್ಕೆ ನುಗ್ಗಿತು. ಮುಚ್ಚಳದಲ್ಲಿದ್ದ ಗಾಳಿಯ ಸಣ್ಣ ತೂತು ಪೂರಾ ಮುಚ್ಚಿಹೋಗಿತ್ತು. ಕಸದಿಂದಲ್ಲ, ಡೀಸೆಲ್ ಜಿಡ್ಡಿಗೆ ಅಂಟಿ ಬೆರಳಷ್ಟು ದಪ್ಪಗಟ್ಟಿದ್ದ ಕುಂಕುಮದಿಂದ.

"ಯಾರವ್ವ ಈ ಪಾಟಿ ಮೆತ್ತಿರೋದು?" ಎಂದರು ಮಾವನ ಅಣ್ಣ.

"ನಾನೇ. ಸುಕ್ರವಾರ ಸುಕ್ರವಾರ ಇಕ್ತಿದ್ದೆ. ಅವ್ರು ತೀರ್ಕಂಡ್ ಮ್ಯಾಕೆ ನೀನು ಅಣೆಗೆ ಇಕ್ಕಬಾರ್ದು ಅಂದ್ರಲ್ಲ ನೀವೆಲ್ಲಾ, ನನ್ ಪಾಲಿಂದು ಅವ್ರ ಗಾಡಿಗಾದ್ರೂ ಇರ್ಲಿ ಅಂತ."

ಮೂರು ವರ್ಷ ಆ ಕೆಂಪು ಮುಚ್ಚಳ ನೋಡಿ ನಕ್ಕವನು ನಾನು. ನನಗೆ ನಾಚಿಕೆಯಾಯಿತು.

ಅತ್ತೆ ಸೆರಗಿನ ಪಿನ್ನು ತೆಗೆದು ಕುಂಕುಮವನ್ನೆಲ್ಲ ಕೆರೆದಳು, ತೂತು ಬಿಡಿಸಿದಳು, ಊದಿ ನೋಡಿ ಮುಚ್ಚಳ ಹಾಕಿದಳು. ಬೆರಳಿನ ತುದಿ ಕೆಂಪಗಾಗಿತ್ತು. ಒರೆಸಿಕೊಳ್ಳಲು ಸೆರಗು ಎತ್ತಿದವಳು ನಿಂತಳು.

"ಇನ್ ಮ್ಯಾಕೆ ಗಾಡಿಗೆ ಇಕ್ಕಿದ್ರೆ ಅದ್ಕೆ ಉಸ್ರು ಕಟ್ತದೆ. ನಂಗೂ ಮೂರು ವರ್ಸದಿಂದ ಕಟ್ಟೈತೆ ಭಾವ," ಎಂದವಳೇ ಆ ಬೆರಳನ್ನು ಹಣೆಗೆ ಒತ್ತಿಕೊಂಡು ಗಾಡಿ ಹತ್ತಿದಳು.

ಹತ್ತು ನಿಮಿಷ ಕಳೆಯಿತು. ಇಪ್ಪತ್ತಾಯಿತು. ಗಾಡಿ ಕೆಮ್ಮಲಿಲ್ಲ. ಮಾವನ ಅಣ್ಣ ಕೊಡೆ ಮಡಚಿ ಕಂಕುಳಲ್ಲಿಟ್ಟುಕೊಂಡು ಫೋನ್ ತೆಗೆದರು. "ಬರಬ್ಯಾಡ ಕಣಯ್ಯ. ಗಾಡಿ ಮಾರಾಕಿಲ್ಲ."

ಆಚೆ ಬದುವಿನಲ್ಲಿ ತಿರುಗಿದ ಟ್ರ್ಯಾಕ್ಟರ್ ನಮ್ಮತ್ತ ಬರುತ್ತಿತ್ತು. ಕೆಸರು ಸಿಡಿದ ಮುಖ, ಹಣೆಯಲ್ಲಿ ಕೆಂಪು. ನಾಟಿಯವರಲ್ಲಿ ಹಿರಿಯ ಅಜ್ಜಿಯೊಬ್ಬಳು ಪೈರಿನ ಕಂತೆ ಎತ್ತಿಕೊಂಡು ಕೆಸರಿಗೆ ಇಳಿಯುತ್ತಾ ಕೂಗಿ ಹೇಳಿದಳು:

"ಚೆಂದಾಗೈತೆ ಕಣವ್ವಾ. ಅಳಿಸ್ಕಬ್ಯಾಡ."