ಗ್ರೀಕ್ ಮುದುಕ ಕಂಡ ನಮ್ಮ ನಂಜಮ್ಮ

ಮನುಷ್ಯರ ಗುಣ ತಿಳಿಯಲು ಪುಸ್ತಕ ಓದಬೇಕೆಂದರೆ ನನಗೆ ನಗು ಬರುತ್ತದೆ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟು ಒಲೆಯ ಮುಂದೆ ಕೂತವಳು. ಮೈಸೂರಿನ ನಮ್ಮ ವಠಾರಕ್ಕೆಲ್ಲ ಒಂದೇ ಕೊಳಾಯಿ. ಯಾರ ಬಣ್ಣ ಏನೆಂಬುದು ನೀರು ನಿಲ್ಲುವ ಹೊತ್ತಿಗೆ ಗೊತ್ತಾಗುತ್ತಿತ್ತು. ಈಗ ಅಮೆರಿಕದ ಕೆಂಡಲ್ ಪಾರ್ಕಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಇಲ್ಲಿ ಕೋಣೆಗೊಂದು ಕೊಳಾಯಿ, ಜಗಳಕ್ಕೆ ಒಬ್ಬರೂ ಇಲ್ಲ. ಮಗಳು ಆಸ್ಪತ್ರೆಗೆ, ಅಳಿಯಂದಿರು ಕಾಲೇಜಿಗೆ, ಮೊಮ್ಮಗಳು ಸ್ಕೂಲಿಗೆ ಹೋದಮೇಲೆ ಮನೆಯಲ್ಲಿ ಮಾತಾಡುವುದು ಒಗ್ಗರಣೆಯ ಸಾಸಿವೆ ಮಾತ್ರ.

ಒಂದು ಸಂಜೆ ಅಳಿಯಂದಿರು ಯಾವುದೋ ಪುಸ್ತಕ ಹಿಡಿದು, “ಅತ್ತೆ, ಸಾವಿರಾರು ವರ್ಷದ ಹಿಂದೆ ಗ್ರೀಕ್ ದೇಶದ ಪಂಡಿತರೊಬ್ಬರು ಜನಗಳ ಸ್ವಭಾವ ಬರೆದಿಟ್ಟಿದ್ದಾರೆ, ಕೇಳಿ” ಎಂದರು. ಅದರಲ್ಲಿ ನೆರೆಯವರಿಗೆ ಚಿಟಿಕೆ ಉಪ್ಪೂ ಕೊಡದ ಜಿಪುಣನೊಬ್ಬನಿದ್ದಾನಂತೆ. ಗುರುತಿಲ್ಲದವರ ಪಕ್ಕ ಕೂತು ರಾತ್ರಿ ಬಿದ್ದ ಕನಸು, ಉಂಡ ಊಟ, ಕಾಲ ಕೆಟ್ಟ ಬಗೆ ಎಲ್ಲ ಒಪ್ಪಿಸುವ ಬಾಯಿಬಡುಕನೊಬ್ಬನಿದ್ದಾನಂತೆ.

“ಅಯ್ಯೋ, ಈ ಬಾಯಿಬಡುಕ ನಮ್ಮ ನಂಜಮ್ಮನೇ ಕಣ್ರೀ! ಉಪ್ಪು ಕೊಡದವಳು ಮೂಲೆಮನೆ ಸುಬ್ಬಲಕ್ಷ್ಮಿ. ಆ ಮುದುಕ ನಮ್ಮ ವಠಾರಕ್ಕೆ ಯಾವಾಗ ಬಂದಿದ್ದನಂತೆ?”

ಅಳಿಯಂದಿರು ನಕ್ಕರು. ಆಗೆಲ್ಲ ನಂಜಮ್ಮ ಬಂದಳೆಂದರೆ ನಾನು ದೇವರ ಮನೆ ಸೇರಿ ಜಪಕ್ಕೆ ಕೂರುತ್ತಿದ್ದೆ. ಅವಳು ಹೊಸ್ತಿಲಾಚೆ ಕೂತು, ದೇವರನ್ನೂ ಸೇರಿಸಿಕೊಂಡು ಕನಸು ಹೇಳುತ್ತಿದ್ದಳು. ಈಗ ಹಾವಿನ ಕನಸಾದರೂ ಸರಿ, ಅವಳ ಬಾಯಲ್ಲಿ ಒಂದು ಕೇಳಬೇಕು. ಅದಕ್ಕಾಗಿ ಟ್ರಂಕ್ ಕಾಲ್ ಮಾಡಲಾಗುತ್ತದೆಯೇ?

ಮರುವಾರ ಹಿಮ ತುಳಿದುಕೊಂಡು ಒಂದು ಹುಡುಗಿ ಬಂದಳು. ಗಿರಿಜಾ, ಧಾರವಾಡದವಳು, ಹಿಂದಿನ ರಸ್ತೆಗೆ ಹೊಸದಾಗಿ ಬಂದವಳು. “ಅಜ್ಜಿ, ಒಂದ್ ಚೂರು ಹೆಪ್ಪು ಕೊಡ್ತೀರೇನ್ರಿ? ಅಂಗಡಿ ಮೊಸರಿನ್ಯಾಗ ಸ್ಟ್ರಾಬೆರಿ ಹಾಕ್ಯಾರ್ರಿ!”

“ಕೊಡ್ತೀನಿ, ಕೂತ್ಕೋ ಮಗು.”

ಕೂತಳು. ನನ್ನ ಕನಸು ಹೇಳಿದೆ. ನಿನ್ನೆಯ ಬಸ್ಸಾರು ಹೇಳಿದೆ. ಕಾಲ ಕೆಟ್ಟಿದ್ದನ್ನು ಹೇಳುತ್ತಿದ್ದಾಗ ಅವಳ ಬೂಟಿನ ಹಿಮ ಕರಗಿ ನೆಲದಲ್ಲಿ ಕೊಳವಾಗಿತ್ತು. ಸ್ಕೂಲಿನಿಂದ ಬಂದ ಮೊಮ್ಮಗಳು ನಮ್ಮಿಬ್ಬರನ್ನೂ ನೋಡಿ, “ಅಜ್ಜಿ, ಯೂ ಆರ್ ದಿ ಮ್ಯಾನ್ ಇನ್ ಡ್ಯಾಡೀಸ್ ಬುಕ್!” ಎಂದಳು. ಅಷ್ಟೇ ಸಾಕಾಯಿತು, ಗಿರಿಜಾ, “ಬರ್ತೀನ್ರಿ ಅಜ್ಜಿ” ಎಂದು ಎದ್ದೇಬಿಟ್ಟಳು.

ಅವಳ ಹಾಲು ಒಮ್ಮೆ ಹೆಪ್ಪುಗಟ್ಟಿತೆಂದರೆ ನಾಳೆಯ ಹೆಪ್ಪು ಅವಳ ಮನೆಯಲ್ಲೇ ಇರುತ್ತದೆ. ಮತ್ತೆ ನನ್ನ ಬಾಗಿಲಿಗೆ ಏಕೆ ಬಂದಾಳು? ಅವಳ ಬಟ್ಟಲಿಗೆ ಹೆಪ್ಪು ಹಾಕುವಾಗ ಕೈ ತಾನಾಗಿ ಬಿಗಿಯಾಗಿ ಚಿಟಿಕೆಯಷ್ಟೇ ಬಿತ್ತು. ಈ ಚಳಿ ಇನ್ನಷ್ಟು ದಿನ ಇರಲಿ, ಆ ಹುಡುಗಿಯ ಹಾಲು ಹಾಲಾಗಿಯೇ ಉಳಿಯಲಿ ಎಂದು ದಿನಾ ದೀಪ ಹಚ್ಚಿ ಬೇಡಿಕೊಳ್ಳುತ್ತಿದ್ದೇನೆ.