ಎಣಿಸಿ ಬಿಡುವ ಸಿಗ್ನಲ್

ಓಣಿಯ ಬಾಯಿಗೆ ಹೊಸ ಸಿಗ್ನಲ್ ಬಂದದ್ದೇ ಮಲಕಪ್ಪನ ಅನ್ನಕ್ಕೆ ಕಲ್ಲು ಬಿತ್ತು. ನಿಂತ ಗಾಡಿಗಳನ್ನು ಕ್ಯಾಮೆರಾದಿಂದ ಎಣಿಸಿ, ಹೆಚ್ಚಿದ್ದ ಕಡೆಗೇ ಹಸಿರು ಕೊಡುವ ಜಾಣ ಸಿಗ್ನಲ್ ಅದು. ಬೆಳಿಗ್ಗೆ ಈ ಓಣಿಯಿಂದ ಹೊರಡುವುದು ಮಲಕಪ್ಪನ ಸ್ಕೂಟರ್ ಒಂದೇ. ಪಂಕ್ತಿಯ ಕೊನೆಯ ಎಲೆಗೆ ಹೋಳಿಗೆ ಬಾರದ ಹಾಗೆ ಅವನ ಪಾಲಿಗೆ ಹಸಿರು ಬರುತ್ತಿರಲಿಲ್ಲ. ನುಗ್ಗಿದರೆ ಅದೇ ಕ್ಯಾಮೆರಾ ದಂಡದ ಚೀಟಿ ಕಳಿಸುತ್ತಿತ್ತು.

ಮಾರ್ಕೆಟ್ ಯಾರ್ಡಿನ ಬೆಲ್ಲದ ಸಾವ್ಕಾರ ಸಿದ್ದಲಿಂಗಪ್ಪನವರಿಗೆ ತಮ್ಮ ಅಂಗಡಿಯಲ್ಲಿ ತೂಗುವ ಮಲಕಪ್ಪನ ಕೈಗುಣದ ಮೇಲೆ ಬಲು ನಂಬಿಕೆ. ದಿನದ ಬೋಣಿ ಅವನೇ ತೂಗಬೇಕು. ಎರಡು ದಿನ ತಡವಾದದ್ದಕ್ಕೆ ಸಿಡಿದಿದ್ದರು: "ನಾಳೆ ಒಂಬತ್ತಕ್ಕ ಇರಲಿಲ್ಲಂದ್ರ, ನಾಡಿದ್ದ ಬರಬ್ಯಾಡ!"

ಪಕ್ಕದ ಮನೆಯ ಬಸವಣ್ಣೆವ್ವ ಧೈರ್ಯ ಹೇಳಿದಳು. "ಗಾಡಿ ಎಣಸ್ತದಲ್ಲ? ತೋರ್ಸೋಣು ತಗೋ!"

ಮರುದಿನ ಎಂಟೂಕಾಲಿಗೆ ಓಣಿಗೆ ಓಣಿಯೇ ಸಿಗ್ನಲ್ಲಿಗೆ ಬಂತು. ಅನಂತರಾಮು ಎಂಜಿನ್ ಇಲ್ಲದ ಮೊಪೆಡ್ ತಳ್ಳಿಕೊಂಡು ಬಂದ. ಶೈಲಾ ಇಸ್ತ್ರಿ ಗಾಡಿ ತಂದಳು. ಬಸವಣ್ಣೆವ್ವ ಎಮ್ಮೆ ಹಿಡಿದು ನಿಂತಳು.

"ಯವ್ವಾ, ಎಮ್ಮಿ ಯಾಕ?" ಎಂದ ಮಲಕಪ್ಪ.

"ಮ್ಯಾಲಿಂದ ನೋಡೋ ಕ್ಯಾಮೆರಾಕ್ಕ ಏನ್ ಗೊತ್ತಾಗ್ತದ? ಟೆಂಪೋ ಅಂತ ಬರಕೋತದ, ಸುಮ್ನ ನಿಂದ್ರು."

ಬರೆದುಕೊಂಡಿತೋ ಏನೋ, ಹಸಿರು ಹತ್ತಿತು. ಆದರೆ ಮುಂದಿದ್ದವರು ಯಾರೂ ಎಲ್ಲಿಗೂ ಹೋಗುವವರಲ್ಲ.

"ನೀವು ಮುಂದ ನಡೀರಿ."

"ಛೇ, ಹಿರ್ಯಾರು ನೀವು, ನೀವ ಮೊದಲ ಹೋಗ್ರಿ."

ಮರ್ಯಾದೆ ಮುಗಿಯುವುದರೊಳಗೆ ಕೆಂಪಾಯಿತು. ಗುಂಪು ಕರಗಲಿಲ್ಲವೆಂದು ಸಿಗ್ನಲ್ ಮತ್ತೆ ಮತ್ತೆ ಇವರಿಗೇ ಹಸಿರು ಕೊಟ್ಟಿತು. ಉಳಿದ ಮೂರು ದಾರಿಗಳಲ್ಲಿ ಹಾರ್ನ್ ಮೊರೆಯತೊಡಗಿತು. ಕೊನೆಗೆ ಮಲಕಪ್ಪ ಇಸ್ತ್ರಿ ಗಾಡಿ ಹತ್ತಿ, ಕಣದಲ್ಲಿ ಹಕ್ಕಿ ಓಡಿಸುವವನಂತೆ ಕೆಂಪು ಟವೆಲ್ ಬೀಸಿ ಎಲ್ಲರನ್ನೂ ಬದಿಗೆ ಸರಿಸಿದ. ಆಮೇಲೆ ಹಸಿರು ಆರುವ ಮೊದಲೇ ಸ್ಕೂಟರ್ ನುಗ್ಗಿಸಿದ.

ಒಂಬತ್ತಕ್ಕೆ ಎರಡು ನಿಮಿಷವಿರುವಾಗ ಅಂಗಡಿ ಮುಟ್ಟಿದ. ಬಾಗಿಲಿಗೆ ಬೀಗ! ಅಷ್ಟರಲ್ಲಿ ಸಾವ್ಕಾರರ ಫೋನು.

"ಮುಟ್ಟಿದೇನು?"

"ಮುಟ್ಟೀನ್ರಿ ಸಾವ್ಕಾರ್ರ, ಟೈಮಿಗಿಂತ ಮೊದಲ!"

"ಭಾಳ ಚಲೋ ಆತು. ನಾನ ಸಿಗ್ನಲ್ದಾಗ ಸಿಕ್ಕೊಂಡೀನಿ, ಕೀಲಿ ನನ್ನ ಕಿಸೆದಾಗ ಅದ. ನಿಮ್ಮ ಓಣಿ ಬಾಯಾಗ ಯಾವನೋ ಇಸ್ತ್ರಿ ಗಾಡಿ ಹತ್ತಿ ಕೆಂಪು ಟವೆಲ್ ಬೀಸಲಿಕ್ಕತ್ತಿದ್ದ. ದೂರಿತ್ತು, ಮಾರಿ ಕಾಣಲಿಲ್ಲ. ಬೋಣಿ ಹಾಳಾತು! ನಾಳಿಂದ ನೀ ಅಂಗಡಿಗೆ ಬರಬ್ಯಾಡ, ಅಲ್ಲೇ ಕಾಯಿ. ಅವನ್ನ ಹಿಡಕೊಂಡು ಬಂದ ದಿನಾನ ತಕ್ಕಡಿ ಮುಟ್ಟು."

"ಹೂಂನ್ರಿ," ಎಂದ ಮಲಕಪ್ಪ. ಕೊರಳಲ್ಲಿದ್ದ ಟವೆಲನ್ನು ಮೆಲ್ಲಗೆ ಮಡಚಿ ಡಿಕ್ಕಿಯೊಳಗಿಟ್ಟು ಕೀಲಿ ಹಾಕಿದ.